ಒಂಟಿ ಕೈ, ಉದ್ದ ಹಗ್ಗ

‘ಒಬ್ಬರೇನಾ?’ ಎಂದು ಮೂರನೆಯವರು ಬಂದು ಕೇಳುವ ಹೊತ್ತಿಗೆ ಕುಂದಾಪುರ ಕಡೆಯ ಇಂಜಿನಿಯರೊಬ್ಬರ ತಾಳ್ಮೆ ಮುಗಿದಿತ್ತು. ಜಾಗ: ಮೆಲ್ಬರ್ನ್‌ಗೆ ಆಗ್ನೇಯದಲ್ಲಿರುವ ವೆಸ್ಟರ್ನ್‌ಪೋರ್ಟ್ ಕೊಲ್ಲಿಯ ದಡದ ಹೇಸ್ಟಿಂಗ್ಸ್, ಅಲ್ಲಿ ದೋಣಿ ನೀರಿಗಿಳಿಸುವ ಬೋಟ್ ರ‍್ಯಾಂಪ್. ಕಾರಿನ ಹಿಂದೆ ಟ್ರೇಲರ್, ಟ್ರೇಲರ್ ಮೇಲೆ ನಾಲ್ಕೂವರೆ ಮೀಟರಿನ ಅಲ್ಯೂಮಿನಿಯಂ ದೋಣಿ. ಅಲ್ಲಿಯ ಜನ ಅದನ್ನು ಪ್ರೀತಿಯಿಂದ ಟಿನ್ನಿ ಎನ್ನುತ್ತಾರೆ. ಕೇಳಿದವರು ಒಳ್ಳೆಯವರೇ, ಅನುಮಾನವಿಲ್ಲ. ಆದರೆ ಮೂವರ ಕೈಯಲ್ಲೂ ಕಾಫಿ ಕಪ್ಪಿತ್ತು, ಯಾರೂ ಅದನ್ನು ಕೆಳಗಿಟ್ಟು ಕೇಳಿದವರಲ್ಲ. ಪಕ್ಕದ ಲೇನಿನಲ್ಲಿ ಇಬ್ಬರಿದ್ದರು, ಗಂಡ ಹೆಂಡತಿ. ಒಬ್ಬರು ಸ್ಟೀರಿಂಗಿನಲ್ಲಿ, ಇನ್ನೊಬ್ಬರು ನೀರಿನಂಚಿನಲ್ಲಿ. ‘ಎಡಕ್ಕೆ’ ಎಂದರೆ ಯಾರ ಎಡ ಎಂಬ ಪ್ರಶ್ನೆ ಇತ್ಯರ್ಥವಾಗದೆ ಅವರ ದೋಣಿ ಇನ್ನೂ ಒಣಗಿಯೇ ಇತ್ತು. ಅವರನ್ನು ಯಾರೂ ‘ಇಬ್ಬರೇನಾ?’ ಎಂದು ಕೇಳಲಿಲ್ಲ.

ಹವಾಮಾನ ನೋಡಬೇಕು, ಮನೆಯಲ್ಲಿ ಹೇಳಿ ಹೋಗಬೇಕು ಎಂಬುದನ್ನೆಲ್ಲ ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯ ಕಾನೂನಿಗೂ ಒಂಟಿ ದೋಣಿಗನ ಮೇಲೆ ಒಂದು ಕಣ್ಣಿದೆ. ವಿಕ್ಟೋರಿಯಾ ರಾಜ್ಯದಲ್ಲಿ 4.8 ಮೀಟರ್‌ವರೆಗಿನ ಮೋಟಾರು ದೋಣಿಯಲ್ಲಿ ಹೊರಟರೆ ಎಷ್ಟು ಜನರಿದ್ದರೂ ಲೈಫ್ ಜಾಕೆಟ್ ತೊಟ್ಟಿರಬೇಕು. ಅದಕ್ಕಿಂತ ದೊಡ್ಡದಾಗಿ 12 ಮೀಟರ್‌ವರೆಗಿನದಾದರೆ ಅಪಾಯದ ಹೊತ್ತುಗಳಲ್ಲಿ ತೊಡಬೇಕು, ಒಬ್ಬನೇ ಇರುವುದನ್ನೂ ಅಂಥ ಹೊತ್ತೆಂದೇ ಎಣಿಸುತ್ತಾರೆ. ಎಳೆದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರವನ್ನು ಮೈಗೆ ಸಿಕ್ಕಿಸಿಕೊಳ್ಳುವ ಅಭ್ಯಾಸವೂ ಇದೇ ಲೆಕ್ಕದ್ದು. ಒಬ್ಬನೇ ಇರುವವನು ನೀರಿಗೆ ಬಿದ್ದರೆ ದೋಣಿಗೆ ಅದು ತಿಳಿಯುವುದಿಲ್ಲ, ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ.

ಹೊಸಬರು ಹೆದರುವುದು ಟ್ರೇಲರನ್ನು ಹಿಂದಕ್ಕೆ ಬಿಡುವುದಕ್ಕೆ. ಎತ್ತಿನಗಾಡಿಯ ಎತ್ತು ಬಿಚ್ಚಿ, ನೊಗ ಹಿಡಿದು ಕೊಟ್ಟಿಗೆಯೊಳಕ್ಕೆ ಹಿಂದಕ್ಕೆ ತಳ್ಳಿದವರಿಗೆ ಈ ವಿದ್ಯೆ ಗೊತ್ತೇ ಇದೆ: ನೊಗ ಎಡಕ್ಕೆ ಹೋದರೆ ಗಾಡಿಯ ಹಿಂಭಾಗ ಬಲಕ್ಕೆ ಹೋಗುತ್ತದೆ. ಟ್ರೇಲರ್ ಕೂಡ ಒಂದೇ ಅಚ್ಚಿನ ಗಾಡಿ. ಸ್ಟೀರಿಂಗ್ ಚಕ್ರದ ಕೆಳತುದಿಯನ್ನು ಹಿಡಿದುಕೊಂಡು, ಟ್ರೇಲರ್ ಎತ್ತ ಹೋಗಬೇಕೋ ಅತ್ತ ಕೈ ಸರಿಸಿದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸಣ್ಣ ಟ್ರೇಲರೇ ಹೆಚ್ಚು ಹಟಮಾರಿ. ಉದ್ದನೆಯದು ನಿಧಾನಕ್ಕೆ ತಿರುಗುತ್ತದೆ, ಗಿಡ್ಡದು ಕಣ್ಣು ಮಿಟುಕಿಸುವಷ್ಟರಲ್ಲಿ ಅಡ್ಡ ಮಲಗುತ್ತದೆ. ಒಂದು ಖಾಲಿ ಮೈದಾನ, ಒಂದು ಭಾನುವಾರ ಇದ್ದರೆ ಈ ಹೆದರಿಕೆ ತೀರಿತು.

ನಿಜವಾದ ಸಮಸ್ಯೆ ಮುಂದಿನದು. ದೋಣಿ ನೀರಿಗೆ ಜಾರುತ್ತದೆ, ಕಾರು ರ‍್ಯಾಂಪಿನ ಮೇಲಿರುತ್ತದೆ, ಮನುಷ್ಯ ಒಬ್ಬನೇ. ಕಾರು ತೆಗೆಯಬೇಕೋ, ದೋಣಿ ಹಿಡಿಯಬೇಕೋ?

ಇಲ್ಲಿ ಬೇಕಾದದ್ದು ಹಗ್ಗ. ರ‍್ಯಾಂಪಿನ ಹೊರಗೆ ದೂರದಲ್ಲಿ, ಯಾರಿಗೂ ಅಡ್ಡಿಯಾಗದಂತೆ ನಿಲ್ಲಿಸಿಕೊಂಡು ದೋಣಿಯ ತಳದ ಬಿರಡೆ ಬಿಗಿ ಮಾಡಿ, ಹಿಂಬದಿಯ ಪಟ್ಟಿ ಬಿಚ್ಚಿ, ದೀಪಗಳ ಪ್ಲಗ್ ಕಿತ್ತು, ಮೂತಿಗೆ ಉದ್ದನೆಯ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಟ್ರೇಲರಿನಲ್ಲಿ ದೋಣಿ ಎಳೆಯುವ ವಿಂಚ್ ಇರುವ ಕಂಬಕ್ಕೇ ಬಿಗಿದಿಟ್ಟರೆ ಅರ್ಧ ಕೆಲಸ ಮುಗಿದಂತೆ. ದೋಣಿ ಹಿಂದಕ್ಕೆ ಜಾರಿ ತೇಲುತ್ತದೆ, ಹಗ್ಗದ ಉದ್ದ ಮುಗಿದಲ್ಲಿ ನಿಲ್ಲುತ್ತದೆ. ಆಮೇಲೆ ತುದಿ ಬಿಚ್ಚಿಕೊಂಡು ಆರಾಮಾಗಿ ಜೆಟ್ಟಿಯ ಮೇಲೆ ನಡೆದು ಗೂಟಕ್ಕೆ ಕಟ್ಟಿ, ಕಾರು ತೆಗೆದುಕೊಂಡು ಹೋಗಬಹುದು. ಆದರೆ ವಿಂಚಿನ ಸರಪಳಿಯನ್ನು ನೀರು ಮುಟ್ಟುವ ಮೊದಲೇ ಬಿಚ್ಚಬಾರದು. ರೋಲರ್ ಇರುವ ಟ್ರೇಲರಿನ ಮೇಲೆ ದೋಣಿಗೆ ಇಳಿಜಾರು ಸಾಕು, ಕಾಂಕ್ರೀಟಿನ ಮೇಲೂ ಅಷ್ಟೇ ಸಂತೋಷದಿಂದ ಜಾರುತ್ತದೆ.

ಯಾವ ಹಗ್ಗ ಎಂಬುದು ಇನ್ನೊಂದು ಪುರಾಣ. ಪಾಲಿಪ್ರೊಪಿಲೀನ್ ತೇಲುತ್ತದೆ, ಕಣ್ಣಿಗೆ ಕಾಣುತ್ತದೆ, ಹಾಗೆ ತೇಲಿಕೊಂಡೇ ಪ್ರೊಪೆಲರಿಗೂ ಸುತ್ತಿಕೊಳ್ಳುತ್ತದೆ. ಬಿಸಿಲಿಗೆ ಬೇಗ ಸವೆಯುತ್ತದೆ. ನೈಲಾನ್ ಮುಳುಗುತ್ತದೆ, ಎಳೆದರೆ ಹಿಗ್ಗುತ್ತದೆ, ಜಗ್ಗುವಿಕೆಯನ್ನು ನುಂಗಿಕೊಳ್ಳುತ್ತದೆ. ನಮ್ಮ ತೆಂಗಿನ ನಾರಿನ ಹಗ್ಗ ತೇಲುತ್ತದೆ, ಉಪ್ಪುನೀರಿಗೂ ಜಗ್ಗುವುದಿಲ್ಲ. ಹಿಂದೆ ದೊಡ್ಡ ಹಡಗುಗಳನ್ನು ಎಳೆಯಲೂ ಅದನ್ನು ಬಳಸುತ್ತಿದ್ದರು. ಬೋಲೈನ್ ಗಂಟು ಕಲಿತವನು ಒಬ್ಬ ಸಹಾಯಕನನ್ನು ಸಂಪಾದಿಸಿದಂತೆ, ಎಷ್ಟು ಬಿಗಿದರೂ ಆಮೇಲೆ ಬೆರಳಲ್ಲಿ ಬಿಚ್ಚಬಹುದು. ಇಬ್ಬರು ಬಂದು ಹಗ್ಗವನ್ನು ಮನೆಯಲ್ಲಿ ಮರೆತರೆ, ಒಬ್ಬನೇ ಬಂದು ಹಗ್ಗ ತಂದವನ ಮುಂದೆ ಅವರದ್ದೇನೂ ನಡೆಯುವುದಿಲ್ಲ. ರ‍್ಯಾಂಪಿನಲ್ಲಿ ಬಿಟ್ಟಿ ಸಲಹೆ ಕೊಡುವವರೆಲ್ಲ ಸಲಹೆಯ ಬದಲು ಐದು ಮೀಟರ್ ಹಗ್ಗ ಕೊಟ್ಟಿದ್ದರೆ ಜಗತ್ತು ಎಷ್ಟೋ ಸುಧಾರಿಸುತ್ತಿತ್ತು.

ಒಂಟಿಯಾಗಿ ದೋಣಿ ಇಳಿಸುವ ಕಷ್ಟದ ಬಗ್ಗೆ ಪುಸ್ತಕ ಬರೆದವನು ಡೇನಿಯಲ್ ಡಿಫೋ. ‘ರಾಬಿನ್‌ಸನ್ ಕ್ರೂಸೊ’ 1719ರಲ್ಲಿ ಬಂತು. ಮಕ್ಕಳಾಗಿದ್ದಾಗ ಓದಿದವರಿಗೆ ಗಿಳಿ, ಛತ್ರಿ, ಕಾಲಿನ ಗುರುತು ನೆನಪಿರುತ್ತವೆ, ದೋಣಿ ಮರೆತಿರುತ್ತದೆ. ಕ್ರೂಸೊ ಒಂದು ದೇವದಾರು ಮರ ಕಡಿದ. ಬುಡ ಕಡಿಯುವುದಕ್ಕೇ ಇಪ್ಪತ್ತು ದಿನ, ಕೊಂಬೆಗಳಿಗೆ ಹದಿನಾಲ್ಕು ದಿನ, ಹೊರಗಿನ ಆಕಾರಕ್ಕೆ ಒಂದು ತಿಂಗಳು, ಒಳಗೆ ತೋಡಲು ಸುಮಾರು ಮೂರು ತಿಂಗಳು. ಇಪ್ಪತ್ತಾರು ಜನ ಹಿಡಿಸುವ ದೋಣಿ ತಯಾರಾಯಿತು. ನೀರು ಇದ್ದದ್ದು ನೂರು ಗಜ ದೂರದಲ್ಲಿ, ಅದೂ ಏರಿನ ಆಚೆಗೆ. ಮಣ್ಣು ಅಗೆದು ಇಳಿಜಾರು ಮಾಡಿದ, ದೋಣಿ ಅಲ್ಲಾಡಲಿಲ್ಲ. ದೋಣಿ ನೀರಿಗೆ ಬರದಿದ್ದರೆ ನೀರನ್ನೇ ದೋಣಿಗೆ ತರೋಣ ಎಂದು ಕಾಲುವೆಯ ಲೆಕ್ಕ ಹಾಕಿದ. ಒಬ್ಬನೇ ಅಗೆದರೆ ಹತ್ತು ಹನ್ನೆರಡು ವರ್ಷ. ದೋಣಿ ಅಲ್ಲೇ ಉಳಿಯಿತು. ಎರಡನೆಯ ಸಲ ಸಣ್ಣ ದೋಣಿ ಮಾಡಿ, ಆರಡಿ ಅಗಲ, ನಾಲ್ಕಡಿ ಆಳದ ಕಾಲುವೆ ತೋಡಿ, ಅರ್ಧ ಮೈಲಿ ದೂರದ ತೊರೆಗೆ ಇಳಿಸಿದ. ಅದಕ್ಕೇ ಸುಮಾರು ಎರಡು ವರ್ಷ ಹಿಡಿಯಿತು.

ಕ್ರೂಸೊನ ಬಳಿ ಬಂದೂಕಿತ್ತು, ಬೈಬಲ್ ಇತ್ತು, ರಮ್ ಇತ್ತು. ಇಲ್ಲದ್ದು ವಿಂಚ್. ಅಂಥ ಸಾಧನವಿದ್ದರೆ ಒಂಟಿ ಕೈ ಏನು ಮಾಡಬಲ್ಲದು ಎಂಬುದಕ್ಕೆ ಆರ್ಕಿಮಿಡೀಸನ ಕತೆಯನ್ನು ಪ್ಲುಟಾರ್ಕ್ ಬರೆದಿಟ್ಟಿದ್ದಾನೆ: ಬಹಳ ಜನ ಹೆಣಗಿ ದಡಕ್ಕೆಳೆದಿದ್ದ ಮೂರು ಪಟದ ಹಡಗಿಗೆ ಜನರನ್ನೂ ಸರಕನ್ನೂ ತುಂಬಿಸಿ, ಹಿಯೆರೊ ರಾಜನ ಎದುರು ದೂರದಲ್ಲಿ ಕೂತು, ರಾಟೆಗಳ ಮೂಲಕ ಒಂದೇ ಕೈಯಿಂದ ಸಲೀಸಾಗಿ ಎಳೆದನಂತೆ. ಕತೆಗೆ ಎಷ್ಟು ಉಪ್ಪು ಖಾರ ಬಿದ್ದಿದೆಯೋ ಇರಲಿ, ಲೆಕ್ಕ ಸುಳ್ಳಲ್ಲ. ಎಂಟು ಅಡಿ ಮುಂದಕ್ಕೆ ಹೋದಾಗ ಒಂದಡಿ ಇಳಿಯುವ ರ‍್ಯಾಂಪಿನಲ್ಲಿ, ರೋಲರಿನ ಘರ್ಷಣೆಯನ್ನು ಬಿಟ್ಟರೆ, ನಾನೂರು ಕೆ.ಜಿ. ದೋಣಿಯನ್ನು ಮೇಲೆಳೆಯಲು ಸುಮಾರು ಐವತ್ತು ಕೆ.ಜಿ.ಯಷ್ಟು ಬಲ ಸಾಕು. ಗೇರಿರುವ ವಿಂಚ್ ಅದನ್ನೂ ಹಲವು ಪಾಲು ಇಳಿಸುತ್ತದೆ. ಒಬ್ಬ ಮನುಷ್ಯ ಸಾಕಾಗುವುದು ತೋಳಿನ ದೆಸೆಯಿಂದಲ್ಲ.

ವಾಪಸು ತರುವಾಗ ಆಟ ಬೇರೆ. ಬೆಳಿಗ್ಗೆ ಗಾಳಿ ಮಲಗಿರುತ್ತದೆ, ಮಧ್ಯಾಹ್ನ ಎದ್ದಿರುತ್ತದೆ. ಟ್ರೇಲರ್ ತೀರಾ ಆಳಕ್ಕೆ ಹೋದರೆ ದೋಣಿ ಅದರ ಮೇಲೆ ಕೂರದೆ ಪಕ್ಕಕ್ಕೆ ತೇಲುತ್ತದೆ. ಮೇಲಾದರೆ ವಿಂಚು ಸುತ್ತಿ ಸುತ್ತಿ ತೋಳು ಬಿದ್ದುಹೋಗುತ್ತದೆ. ವೆಸ್ಟರ್ನ್‌ಪೋರ್ಟಿನಲ್ಲಿ ಉಬ್ಬರ ಇಳಿತಗಳ ಅಂತರ ಹೆಚ್ಚು, ಎರಡು ಮೂರು ಮೀಟರ್. ಆಚೆ ಬದಿಯ ಪೋರ್ಟ್ ಫಿಲಿಪ್ ಕೊಲ್ಲಿಯ ಬಾಯಿ ಕಿರಿದಾದ್ದರಿಂದ ಒಳಗೆ ಒಂದು ಮೀಟರೂ ಇಲ್ಲ. ಅಕ್ಕಪಕ್ಕದ ಕೊಲ್ಲಿಗಳಾದರೂ ಇಷ್ಟು ವ್ಯತ್ಯಾಸ. ಹಾಗಾಗಿ ಹೇಸ್ಟಿಂಗ್ಸಿನಲ್ಲಿ ಬೆಳಿಗ್ಗೆ ಟ್ರೇಲರ್ ನಿಂತಿದ್ದ ಜಾಗಕ್ಕೂ ಮಧ್ಯಾಹ್ನ ನಿಲ್ಲಬೇಕಾದ ಜಾಗಕ್ಕೂ ಸಂಬಂಧವೇ ಇರುವುದಿಲ್ಲ. ಇಳಿತದಲ್ಲಿ ಹೊರಬಿದ್ದ ಕಾಂಕ್ರೀಟು ಪಾಚಿ ಕಟ್ಟಿ ಜಾರುತ್ತದೆ.

ಇನ್ನು ಬೇರಿಂಗ್. ಹೆದ್ದಾರಿಯಲ್ಲಿ ಓಡಿ ಬಿಸಿಯಾದ ಚಕ್ರದ ಹಬ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಉಪ್ಪುನೀರನ್ನು ಎಳೆದುಕೊಳ್ಳುತ್ತದೆ. ಗ್ರೀಸು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಮನೆಗೆ ಹೋಗುವ ದಾರಿಯಲ್ಲಿ ಒಂದು ಪಕ್ಕಕ್ಕೆ ಒರಗಿ ನಿಂತ ಟ್ರೇಲರ್ ಕಂಡರೆ ಕಾರಣ ಕೇಳಬೇಕಾಗಿಲ್ಲ. ಕಾಫಿ ಕುಡಿಯುತ್ತ ಸಲಹೆ ಕೊಡುವ ಜನ ಇದೊಂದನ್ನು ಎಂದೂ ಹೇಳುವುದಿಲ್ಲ. ರ‍್ಯಾಂಪಿಗೆ ಬಂದ ಕೂಡಲೇ ಇಳಿಸದೆ ಹಬ್ ಆರಲು ಬಿಡಬೇಕು, ಮನೆಗೆ ಹೋಗಿ ಸಿಹಿನೀರಿನಲ್ಲಿ ತೊಳೆಯಬೇಕು, ಅಷ್ಟೇ.

ಈ ಎಲ್ಲ ವೃತ್ತಾಂತವನ್ನು ಇಂಜಿನಿಯರು ಊರಿಗೆ ಫೋನು ಮಾಡಿ ಅಪ್ಪಯ್ಯನಿಗೆ ಹೆಮ್ಮೆಯಿಂದ ಹೇಳಿದರೆ ಆ ಕಡೆಯಿಂದ ಬಂದದ್ದು ಒಂದೇ ಮಾತು: ‘ಒಬ್ನೇ ಇಳ್ಸುದಾ? ಅದೆಂತ ದೋಣಿ ಮರಾಯ!’

ಅಪ್ಪಯ್ಯ ನೋಡಿದ ದೋಣಿಗಳು ರಂಪಣಿಯವು. ಕರಾವಳಿಯ ಮರಳಿನಲ್ಲಿ ರ‍್ಯಾಂಪಿಲ್ಲ, ವಿಂಚಿಲ್ಲ. ದೋಣಿ ಸಮುದ್ರದಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಹಾಕಿ ಬಂದ ಮೇಲೆ ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತ ಹತ್ತಾರು ಜನ ಎಳೆಯುತ್ತಿದ್ದರು. ದೋಣಿಯನ್ನು ಮೇಲೆ ತರುವುದಕ್ಕೂ ಅಷ್ಟೇ ಹೆಗಲುಗಳು ಬೇಕಿದ್ದವು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದು ಮೀನನ್ನು ಆಳದಲ್ಲೇ ಸುತ್ತುವರಿದು ಹಿಡಿಯತೊಡಗಿದ ಮೇಲೆ ದೊಡ್ಡ ರಂಪಣಿಗಳು ನಿಂತುಹೋದವು. ಸಣ್ಣದಾದ ಕೈರಂಪಣಿ ಇನ್ನೂ ಅಲ್ಲಲ್ಲಿ ಉಂಟು. ಮಲ್ಪೆ ಕಡೆ ಹೋದಾಗ ಬಲೆ ಎಳೆಯುವುದು ಕಂಡರೆ ನಿಂತು ನೋಡುವುದರ ಬದಲು ಹಗ್ಗಕ್ಕೆ ಕೈ ಹಾಕಿ. ಎಳೆದವರಿಗೆ ಮೀನಿನಲ್ಲಿ ಪಾಲು ಕೊಡುವ ರೂಢಿ ಅಲ್ಲಿದೆ.