ಕಡಲಿಲ್ಲದ ನಾಡಿನ ದಡಗಳು

ರಜೆಯ ದಿನಗಳು ಸಮೀಪಿಸಿದೊಡನೆ ಮನೆಮನೆಗಳಲ್ಲಿ ಕಡಲಿನ ಮಾತು ಏಳುವುದು ಸಹಜ. ಗೋಕರ್ಣದ ಓಂ ತೀರವೋ ಕುಡ್ಲೆಯೋ, ಕಾರವಾರವೋ ಮುರ್ಡೇಶ್ವರವೋ. ಅನುಕೂಲವಿದ್ದವರಿಗೆ ಅಂಡಮಾನಿನ ಸ್ವರಾಜ್ ದ್ವೀಪದ ರಾಧಾನಗರವೋ! ಇರುವ ನಾಲ್ಕು ದಿನಗಳಲ್ಲಿ ಯಾವ ದಡವನ್ನು ನೋಡುವುದು, ಯಾವುದನ್ನು ಬಿಡುವುದು ಎಂಬ ಚರ್ಚೆ ಊಟದ ಹೊತ್ತಿನಲ್ಲಿಯೂ ಮುಗಿಯದು. ಇದೇ ಪ್ರಶ್ನೆ ಕಡಲಿನ ಸುಳಿವೇ ಇಲ್ಲದ ವಿಜಯಪುರದಲ್ಲಿಯೂ ಏಳುತ್ತದೆಂದರೆ ಹಲವರು ನಂಬಲಾರರು. ಆದರೆ ಆ ಬಯಲಿನಲ್ಲಿ ಇರುವ ದಡಗಳೆಲ್ಲ ಮನುಷ್ಯನು ಕಟ್ಟಿಕೊಂಡವು. ಅವುಗಳಲ್ಲಿ ಆಯ್ದುಕೊಳ್ಳುವುದೂ ಸುಲಭವಲ್ಲ.

ಆದಿಲಶಾಹಿಗಳಿಗೂ ಮೊದಲು ಒಳ್ಳೆಯ ಕಡಲತೀರವಿತ್ತು. ಗೋವೆ ಅವರ ವಶದಲ್ಲಿತ್ತು. 1510ರ ನವೆಂಬರಿನಲ್ಲಿ ಪೋರ್ಚುಗೀಸರ ಅಲ್ಬುಕರ್ಕನು ಅದನ್ನು ಗೆದ್ದುಕೊಂಡನು. ಆದರೆ ರಾಜಧಾನಿಯನ್ನು ಕಾಡಿದ್ದು ಉಪ್ಪುನೀರಿನ ಕೊರತೆಯಲ್ಲ, ಸಿಹಿನೀರಿನದು. ಮಳೆ ಕಡಿಮೆ, ನೆಲದಡಿ ಕರಿಯ ಬಂಡೆ, ಸಮೀಪದಲ್ಲಿ ಹರಿಯುವ ಡೋಣಿಯ ನೀರಿಗೆ ಉಪ್ಪಿನ ಸೋಂಕು. ಆ ನದಿಯ ದಂಡೆಯ ಎರೆಭೂಮಿ ಬಿಳಿಜೋಳಕ್ಕೆ ಹೆಸರಾದುದು ನಿಜ; ಆದರೆ ರಾಜಧಾನಿಯ ಜನರ ಬಾಯಾರಿಕೆಯನ್ನು ತಣಿಸುವ ನದಿ ಅದಾಗಲಿಲ್ಲ. ಆದುದರಿಂದ ಗುಮ್ಮಟಗಳನ್ನು ಕಟ್ಟಿದ ಕೈಗಳೇ ಬಾವಡಿಗಳನ್ನೂ ಕೆರೆಗಳನ್ನೂ ಕಟ್ಟಬೇಕಾಯಿತು.

ಪ್ರವಾಸಿಗರಲ್ಲಿ ಹೆಚ್ಚಿನವರು ಗೋಳಗುಮ್ಮಟವನ್ನೇರಿ, ಪಿಸುಮಾತಿನ ಮೊಗಸಾಲೆಯಲ್ಲಿ ಒಮ್ಮೆ ಕೂಗಿ, ಮರುದನಿಯನ್ನು ಎಣಿಸಿ ಹಿಂದಿರುಗುತ್ತಾರೆ. ಅರ್ಧ ದಿನದ ಬಿಡುವುಳ್ಳವರು ಅದಕ್ಕೆ ತಾಜ್ ಬಾವಡಿಯನ್ನು ಸೇರಿಸಿಕೊಳ್ಳಬೇಕು. ಊರ ಪಶ್ಚಿಮದಲ್ಲಿ ಮಕ್ಕಾ ಬಾಗಿಲಿನ ಬಳಿ ಇರುವ ಈ ಬಾವಡಿ ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದ್ದು. 1620ರಲ್ಲಿ ಅವನ ರಾಣಿ ತಾಜ್ ಸುಲ್ತಾನಳ ಹೆಸರಿನಲ್ಲಿ ಕಟ್ಟಿದ್ದೆನ್ನುತ್ತಾರೆ. ಸುಮಾರು 223 ಅಡಿ ಚೌಕ, 52 ಅಡಿ ಆಳ. ಎರಡು ಅಷ್ಟಕೋನದ ಬುರುಜುಗಳ ನಡುವಿನ ಭವ್ಯ ಕಮಾನನ್ನು ದಾಟಿದರೆ ಮೆಟ್ಟಿಲುಗಳು ನೀರಿನ ಕಡೆಗೆ ಇಳಿಯುತ್ತವೆ. ಕಮಾನಿನ ಎರಡೂ ಪಕ್ಕದಲ್ಲಿ ದಾರಿಹೋಕರು ತಂಗಲು ಕೋಣೆಗಳಿದ್ದವು. ಅರಮನೆಯ ವಿಲಾಸಕ್ಕಲ್ಲ, ದೂರದಿಂದ ನಡೆದು ಬಂದವನ ದಣಿವಿಗೆಂದು ಇಷ್ಟು ದೊಡ್ಡ ಬಾಗಿಲನ್ನಿಟ್ಟರೆಂಬುದು ಗಮನಿಸತಕ್ಕ ಮಾತು. ಇದಕ್ಕಿಂತ ಹಳೆಯದಾದ, ಚಿಕ್ಕದಾದ ಚಾಂದ್ ಬಾವಡಿಗೆ ಮೊದಲನೆಯ ಅಲಿಯ ರಾಣಿ ಚಾಂದಬೀಬಿಯ ಹೆಸರು. ಮುಂದೆ ಮೊಗಲರೆದುರು ಅಹಮದನಗರದ ಕೋಟೆಯನ್ನು ಕಾದ ವೀರಳು ಅವಳೇ. ಸಮಯ ಸಾಲದವರು ಚಾಂದ್ ಬಾವಡಿಯನ್ನು ಬಿಟ್ಟರೂ ತಾಜ್ ಬಾವಡಿಯನ್ನು ಬಿಡಬಾರದು. ಪಾಚಿ ಕಟ್ಟಿದ ಮೆಟ್ಟಿಲಿನ ಮೇಲೆ ಮಕ್ಕಳ ಕೈ ಹಿಡಿದಿರುವುದು ಮಾತ್ರ ಅವಶ್ಯ.

ಒಂದು ಪೂರ್ಣ ದಿನವುಳ್ಳವರ ಮುಂದೆ ಎರಡು ದಾರಿಗಳಿವೆ. ಪೂರ್ವಕ್ಕೆ ಸಿಂದಗಿಯ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರು ಹೋದರೆ ಕುಮಟಗಿ. ಅಲ್ಲಿನದು ವಿಲಾಸದ ನೀರು: ಜಲಮಂಟಪಗಳು, ಕಾರಂಜಿಯ ಕೊಳವೆಗಳು, ಗೋಡೆಯ ಮೇಲೆ ಮಾಸಿದ ಚಿತ್ರಗಳು. ಪಶ್ಚಿಮದ ದಾರಿ ಬೇರೆಯ ಬಗೆಯದು. ಅಲ್ಲಿ ನೀರು ದುಡಿಯುತ್ತದೆ. ಚಿತ್ರಕಲೆಯಲ್ಲಿ ಆಸಕ್ತಿಯುಳ್ಳವರಿಗೆ ಕುಮಟಗಿಯೇ ಲೇಸು. ನೀರಿನ ಕಥೆಯನ್ನು ಮೊದಲಿನಿಂದ ತಿಳಿಯಬಯಸುವವರು ಪಶ್ಚಿಮಕ್ಕೆ ಹೊರಡಬೇಕು.

ಆ ದಾರಿಯಲ್ಲಿ ಮೊದಲು ಬರುವುದು ತೊರವಿ. ಕುಮಾರವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ಊರು ಇದೇ. 1599ರಲ್ಲಿ ಇಬ್ರಾಹಿಮನು ಇದರ ಬಳಿಯಲ್ಲಿಯೇ ನವರಸಪುರವೆಂಬ ಹೊಸ ನಗರವನ್ನು ಆರಂಭಿಸಿದನು. 1624ರಲ್ಲಿ ಮಲಿಕ್ ಅಂಬರನು ಅದನ್ನು ಹಾಳುಗೆಡವಿದನು. ಕಣ್ಣಿಗೆ ಬೀಳದ ವಿಸ್ಮಯವೊಂದು ನೆಲದೊಳಗಿದೆ. ಇಲ್ಲಿಂದ ರಾಜಧಾನಿಗೆ ನೀರೊಯ್ಯಲು ಸುರಂಗವನ್ನು ಕೊರೆದು, ಗಾಳಿಗೂ ದುರಸ್ತಿಗೂ ಅಲ್ಲಲ್ಲಿ ಬಾವಿಯಂಥ ಬಾಯಿಗಳನ್ನು ಬಿಟ್ಟಿದ್ದರು.

ಮುಂದೆ ತಿಕೋಟಾ. ಇಲ್ಲಿ ದಡವನ್ನು ಹುಡುಕುವುದು ವ್ಯರ್ಥ. ನೀರು ದ್ರಾಕ್ಷಿಯ ಗೊಂಚಲಿನಲ್ಲಿದೆ. ಬರದ ವರ್ಷಗಳಲ್ಲಿ ಟ್ಯಾಂಕರಿನಿಂದ ನೀರು ಕೊಂಡು ತಂದು ಬಳ್ಳಿಗಳನ್ನು ಉಳಿಸಿಕೊಂಡ ರೈತರ ಸೀಮೆಯಿದು. ಬೇಸಿಗೆಯ ಮೊದಲಲ್ಲಿ ಬಂದವರಿಗೆ ಚಪ್ಪರದ ನೆರಳಿನಲ್ಲಿ ಸಾಲುಸಾಲಾಗಿ ಒಣಗುವ ಮಣೂಕ ಕಾಣಸಿಗುತ್ತದೆ. ಈಗ ತುಬಚಿ–ಬಬಲೇಶ್ವರ ಏತ ನೀರಾವರಿಯು ಕೃಷ್ಣೆಯನ್ನು ಮೇಲೆತ್ತಿ ಈ ಎತ್ತರದ ಬಯಲಿಗೆ ತಂದಿದೆ. ನಾಲ್ಕುನೂರು ವರ್ಷಗಳ ಹಿಂದೆ ಸುರಂಗ ಮಾಡಿದ ಕೆಲಸವನ್ನು ಇಂದು ಪಂಪು ಮಾಡುತ್ತಿದೆ.

ಬಬಲೇಶ್ವರ ತಾಲೂಕಿನ ಮಮದಾಪುರ ಈ ದಾರಿಯ ಫಲ. ಗೋಳಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲಶಾಹನ ಕಾಲದ ಎರಡು ಕೆರೆಗಳು ಇಲ್ಲಿವೆ, ಒಂದು ಹಿರಿದು, ಒಂದು ಕಿರಿದು. ಕೆರೆ ತುಂಬಿಸುವ ಯೋಜನೆಯಿಂದ ಕೃಷ್ಣೆಯ ನೀರು ಇವುಗಳಿಗೂ ಬಂದಿದೆ. ಹಿರಿಯ ಕೆರೆ ತುಂಬಿರುವಾಗ ಏರಿಯ ಮೇಲೆ ನಿಂತವನಿಗೆ ಕಡಲಿನ ನೆನಪಾಗದಿರದು. ಮರಳಿಲ್ಲ, ತೆರೆಯ ಮೊರೆತವಿಲ್ಲ; ಆದರೆ ದಿನವಿಡೀ ಕರಿಮಣ್ಣಿನ ಬಯಲನ್ನೇ ಕಂಡ ಕಣ್ಣಿಗೆ ಅಷ್ಟು ನೀರೇ ಒಂದು ಉತ್ಸವ. ಮಳೆಗಾಲ ಕಳೆದ ಮೇಲೆ, ಚಳಿಯ ತಿಂಗಳುಗಳಲ್ಲಿ ಹೋಗುವುದು ಉತ್ತಮ. ಬುತ್ತಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಬೇರೆ ಊಟದ ಚಿಂತೆಯಿಲ್ಲ.

ಈ ಆಯ್ಕೆಯಲ್ಲಿ ಪ್ರವಾಸಿಯ ಸಂತೋಷಕ್ಕಿಂತ ಹಿರಿದಾದ ಸಂಗತಿಯೊಂದಿದೆ. ಮನೆಗೆ ನಲ್ಲಿ ಬಂದ ಮೇಲೆ ಊರು ಬಾವಡಿಗಳನ್ನು ಮರೆಯಿತು. ತಾಜ್ ಬಾವಡಿಯಲ್ಲಿ ಹೂಳೂ ಕಸವೂ ತುಂಬಿದವು. 2016–17ರ ಸುಮಾರಿಗೆ ಹಳೆಯ ಬಾವಿಗಳ ಹೂಳನ್ನೆತ್ತುವ ಕೆಲಸ ನಡೆದಾಗ ಅವು ಮತ್ತೆ ಕಣ್ತೆರೆದವು. ಕಡಲನ್ನು ಯಾರು ನೋಡದಿದ್ದರೂ ಅದಕ್ಕೆ ನಷ್ಟವಿಲ್ಲ. ಬಾವಡಿಯ ಸಂಗತಿ ಹಾಗಲ್ಲ: ಬಳಸುವವರೂ ನೋಡುವವರೂ ಇಲ್ಲವಾದರೆ ಅದು ತಿಪ್ಪೆಯಾಗುತ್ತದೆ. ಮಕ್ಕಳನ್ನು ಕರೆದೊಯ್ದು ಒಂದು ಗಳಿಗೆ ಅಲ್ಲಿ ನಿಲ್ಲುವ ಸಂಸಾರವೂ ಅದರ ಕಾವಲಿಗೆ ನಿಂತಂತೆಯೇ.

ಪಶ್ಚಿಮದಿಂದ ಮರಳುವವರು ಸಂಜೆಗೆ ನಗರದ ದಕ್ಷಿಣದಲ್ಲಿರುವ ಬೇಗಂ ತಾಲಾಬನ್ನು ಸೇರಬಹುದು. 1651ರಲ್ಲಿ ಕಟ್ಟಿದ ಈ ಕೆರೆಯಿಂದ ನೆಲದೊಳಗಿನ ಮಣ್ಣಿನ ಕೊಳವೆಗಳ ಮೂಲಕ ನೀರು ನಗರಕ್ಕೆ ಹರಿಯುತ್ತಿತ್ತು. ಕೊಳವೆ ಒಡೆಯದಂತೆ ನೀರಿನ ಒತ್ತಡವನ್ನು ತಗ್ಗಿಸಲು ನಡುನಡುವೆ ಗೋಪುರಗಳನ್ನು ನಿಲ್ಲಿಸಿದ್ದರು. ಗಂಜ್ ಎಂದು ಕರೆಯುವ ಆ ಗೋಪುರಗಳಲ್ಲಿ ಕೆಲವು ಇಂದಿಗೂ ಊರೊಳಗೆ ನಿಂತಿವೆ. ವಸತಿಗೆ ಹಿಂದಿರುಗುವಾಗ ಅವನ್ನು ಮಕ್ಕಳಿಗೆ ತೋರಿಸಲು ಮರೆಯಬಾರದು.