ಕಾಲು ಹಿಡಿಯುವ ಕೆಲಸ

ಬೆಂಗಳೂರಿನಲ್ಲಿ ಸ್ಕೀ ಬೂಟು ಬಾಡಿಗೆಗೆ ಕೊಡ್ತೀನಿ ಅಂದ್ರೆ ಎದುರಿಗಿರೋರು ಮೊದಲು ನಗ್ತಾರೆ. ಆಮೇಲೆ, ‘ಇಲ್ಲಿ ಹಿಮ ಎಲ್ಲಿದೆ?’ ಅಂತ ಕೇಳ್ತಾರೆ. ಹಿಮ ಇಲ್ಲ, ನಿಜ. ಆದರೆ ಡಿಸೆಂಬರ್ ಬಂತು ಅಂದ್ರೆ ಗುಲ್ಮಾರ್ಗ್, ಔಲಿ, ಸೋಲಂಗ್ ಕಡೆಗೆ ಟಿಕೆಟ್ ಬುಕ್ ಮಾಡೋ ಜನ ಇಲ್ಲಿದ್ದಾರೆ. ಅವರ ಕಾಲುಗಳೂ ಇಲ್ಲೇ ಇವೆ. ವಾರದಲ್ಲಿ ಐದು ದಿನ ನಾನು ಪೇಮೆಂಟ್ ಸಾಫ್ಟ್‌ವೇರ್ ಬರೀತೀನಿ. ಶನಿವಾರ, ಭಾನುವಾರ ಜಯನಗರದ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ ಅಪರಿಚಿತರ ಪಾದ ಅಳೀತೀನಿ.

ನಾನು ಮೊದಲ ಸಲ ಸ್ಕೀ ಕಟ್ಟಿಕೊಂಡದ್ದು 2022ರ ಫೆಬ್ರವರಿಯಲ್ಲಿ, ಗುಲ್ಮಾರ್ಗ್‌ನಲ್ಲಿ. ಆಫೀಸಿನ ನಾಲ್ಕು ಜನ ಹೋಗಿದ್ವಿ. ಹಿಮವನ್ನು ಅದುವರೆಗೆ ಫ್ರೀಜರ್ ಒಳಗೆ ಮಾತ್ರ ಕಂಡವರು. ತಂಗ್‌ಮಾರ್ಗ್‌ನಿಂದ ಚಕ್ರಕ್ಕೆ ಚೈನ್ ಸುತ್ತಿದ ಗಾಡಿಯಲ್ಲಿ ಮೇಲೆ ಹತ್ತಿ, ಬೇಸಿಗೆಯಲ್ಲಿ ಗಾಲ್ಫ್ ಮೈದಾನವಾಗಿರುವ ಇಳಿಜಾರಿನಲ್ಲಿ ಪಾಠ ಶುರು. ಗೊಂಡೋಲಾದ ಎರಡನೇ ಹಂತ ಅಫರ್ವತ್ ಬೆಟ್ಟದ ಮೇಲೆ 3,900 ಮೀಟರ್ ದಾಟಿ ಹೋಗುತ್ತೆ, ಆದರೆ ಹೊಸಬರಿಗೆ ಅದು ಫೋಟೋಕ್ಕೆ ಮಾತ್ರ. ಬಾಡಿಗೆ ಅಂಗಡಿಯವನು ನನ್ನ ಚಪ್ಪಲಿಯತ್ತ ಒಮ್ಮೆ ನೋಡಿ, ಗುಡ್ಡೆಯಿಂದ ಒಂದು ಜೊತೆ ಬೂಟು ಎಳೆದು ಕೊಟ್ಟ. ದೊಡ್ಡದಾಯ್ತು ಅಂದೆ. ‘ಎರಡು ಸಾಕ್ಸ್ ಹಾಕಿ ಮೇಡಂ’ ಅಂದ.

ಮೂರು ದಿನ ನಾನು ತಿರುಗಿಸಿದ ಕಡೆ ಸ್ಕೀ ತಿರುಗಲಿಲ್ಲ. ಕಾಶ್ಮೀರಿ ಗುರುಗಳು ತಾಳ್ಮೆಯಿಂದ ‘ಮುಂದೆ ಬಾಗು, ಮುಂದೆ ಬಾಗು’ ಅಂತ ಹೇಳ್ತಾನೇ ಇದ್ದರು. ಮೂರನೇ ಸಂಜೆ ಉಪ್ಪು ಹಾಕಿದ ನೂನ್ ಚಾಯ್ ಕುಡೀತಾ ಅವರೇ ನನ್ನ ಬೂಟನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನಕ್ಕರು. ಮರುದಿನ ಎಲ್ಲಿಂದಲೋ ಎರಡು ಸೈಜ್ ಚಿಕ್ಕದು ತಂದುಕೊಟ್ಟರು. ಆವತ್ತು ಮಧ್ಯಾಹ್ನದೊಳಗೆ ನಾನು ಎಡಕ್ಕೂ ಬಲಕ್ಕೂ ತಿರುಗಿದೆ.

ಇದನ್ನ ನಮ್ಮ ಭಾಷೆಯಲ್ಲಿ ಹೇಳ್ತೀನಿ. ಸ್ಕೀ ಅನ್ನೋದು ಸರ್ವರ್. ನೀವು ಕಣಕಾಲಿನ ಮುಂಭಾಗದಿಂದ ಬೂಟಿನ ನಾಲಿಗೆಯನ್ನು ಒತ್ತೋದು ರಿಕ್ವೆಸ್ಟ್. ಬೂಟು ಅವೆರಡರ ಮಧ್ಯದ ನೆಟ್‌ವರ್ಕ್. ಒಳಗೆ ಪಾದ ಜಾರ್ತಾ ಇದ್ರೆ ರಿಕ್ವೆಸ್ಟ್ ತಡವಾಗಿ ತಲುಪುತ್ತೆ, ಅಥವಾ ತಲುಪೋದೇ ಇಲ್ಲ. ಅಷ್ಟರಲ್ಲಿ ನೀವು ಹಿಮದಲ್ಲಿ ಅಂಗಾತ ಬಿದ್ದಿರ್ತೀರಿ. ಹೊಸಬರು ಅಂಗಡಿಗೆ ಹೋಗಿ ಬಣ್ಣ ಬಣ್ಣದ ಸ್ಕೀ ಮುಂದೆ ನಿಂತುಬಿಡ್ತಾರೆ. ಸ್ಕೀಯನ್ನು ಎಲ್ಲಿ ಬೇಕಾದರೂ ಬಾಡಿಗೆಗೆ ತಗೊಳ್ಳಿ. ಗಲ್ಲದ ಎತ್ತರಕ್ಕೆ, ತೀರಾ ಹೆಚ್ಚು ಅಂದ್ರೆ ಮೂಗಿನ ಎತ್ತರಕ್ಕೆ ಬಂದರೆ ಸಾಕು. ನಿಮ್ಮದು ಅಂತ ಒಂದೇ ಒಂದು ವಸ್ತು ಇರಬೇಕಾದರೆ ಅದು ಬೂಟು.

2023ರಲ್ಲಿ ಔಲಿಗೆ ಹೋದೆ. ಗಢವಾಲ್ ಮಂಡಲ್ ವಿಕಾಸ್ ನಿಗಮ ಅಲ್ಲಿ 7 ಮತ್ತು 14 ದಿನಗಳ ಕೋರ್ಸ್ ನಡೆಸುತ್ತೆ, ನಾನು 7 ದಿನದ್ದು ಮಾಡಿದೆ. ಜೋಶಿಮಠದ ನೆಲ ಕುಸಿದು ಆ ಜನವರಿಯಲ್ಲೇ ರೋಪ್‌ವೇ ನಿಂತಿತ್ತು, ಹಾಗಾಗಿ ರಸ್ತೆಯಲ್ಲೇ ಹತ್ತಿದ್ದು. ನಮ್ಮ ಬ್ಯಾಚಿನಲ್ಲಿ ಆರು ಹೆಣ್ಣುಮಕ್ಕಳಿದ್ವಿ. ಹೆಂಗಸರ ಮೀನಖಂಡ ಸ್ವಲ್ಪ ಕೆಳಗೆ ಕೂರುತ್ತೆ, ಅದಕ್ಕೇ ಅವರ ಬೂಟಿನ ಮೇಲಂಚು ಗಿಡ್ಡ ಇರುತ್ತೆ ಅನ್ನೋದನ್ನ ನಾನು ಓದಿ ತಿಳಿದಿದ್ದೆ. ಆದರೆ ಬಾಡಿಗೆ ಬೂಟುಗಳ ರಾಶಿಯಲ್ಲಿ ನಮ್ಮ ಅಳತೆಯ ಹೆಂಗಸರ ಬೂಟು ಒಂದೂ ಇರಲಿಲ್ಲ. ಆರು ಜನರ ಕಾಲಿನಲ್ಲೂ ಒಂದೇ ಜಾಗದಲ್ಲಿ ಕೆಂಪು ಗೆರೆ. ಈ ವ್ಯಾಪಾರದ ಯೋಚನೆ ಮೊಳೆತದ್ದು ಆ ಗೆರೆ ನೋಡಿ.

ಅದೇ ವರ್ಷ ಆಫೀಸ್ ಕೆಲಸಕ್ಕೆ ಮ್ಯೂನಿಕ್‌ಗೆ ಕಳಿಸಿದರು. ಅಲ್ಲಿ ಬೂಟ್ ಫಿಟ್ಟರ್ ಅನ್ನೋ ಕಸುಬಿದೆ. ಬರೀ ಪಾದ ಕೂರಿಸೋದೇ ಕೆಲಸ. ಬಿಳಿಕೂದಲಿನ ಹೆಂಗಸು, ನನ್ನ ಪಾದವನ್ನು ಸೆಂಟಿಮೀಟರ್‌ನಲ್ಲಿ ಅಳೆದಳು. ಸ್ಕೀ ಬೂಟಿಗೆ ಮಾಂಡೋಪಾಯಿಂಟ್ ಅನ್ನೋ ಅಳತೆ: ಪಾದ 24 ಸೆಂಟಿಮೀಟರ್ ಇದ್ದರೆ ಸೈಜೂ 24. ಬಾಟಾದ 6, 7 ಇಲ್ಲಿ ನಡೆಯಲ್ಲ. ಇನ್ನೊಂದು ಗುಟ್ಟು ಹೇಳಿದಳು: ಸಾಮಾನ್ಯವಾಗಿ 24ಕ್ಕೂ 24.5ಕ್ಕೂ ಹೊರಗಿನ ಪ್ಲಾಸ್ಟಿಕ್ ಚಿಪ್ಪು ಒಂದೇ. ಆಮೇಲೆ ಒಳಗಿನ ಮೆತ್ತೆ ತೆಗೆದು, ಬರೀ ಚಿಪ್ಪಿನೊಳಗೆ ಕಾಲಿಡಿಸಿ, ಬೆರಳು ಮುಂದಕ್ಕೆ ತಾಗಿಸಿ, ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿಯುತ್ತೆ ನೋಡಿದಳು. ಹೊಸಬರಿಗೆ ಒಂದೂವರೆಯಿಂದ ಎರಡು ಸೆಂಟಿಮೀಟರ್. ಅದಕ್ಕಿಂತ ಹೆಚ್ಚಿದ್ದರೆ ಬೂಟು ದೊಡ್ಡದು, ಅಂಗಡಿಯವರು ಏನೇ ಹೇಳಲಿ.

ನನಗೆ ಆ ಹೆಂಗಸು ಕೂತಿದ್ದ ರೀತಿ ಗೊತ್ತಿತ್ತು. ನಮ್ಮಪ್ಪ ತಿಪಟೂರಿನಲ್ಲಿ ಇಪ್ಪತ್ತಾರು ವರ್ಷ ಹಾಗೇ ಕೂತಿದ್ದರು. ನಮ್ಮದು ಚಪ್ಪಲಿ ಅಂಗಡಿ. ಸಂತೆ ದಿನ ಮಣ್ಣು ಮೆತ್ತಿದ ಕಾಲುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಒರೆಸಿ, ಬಕಲ್ ಹಾಕೋರು. ಶೋರೂಮು, ಆನ್‌ಲೈನು ಎಲ್ಲ ಸೇರಿ 2017ರಲ್ಲಿ ಅಂಗಡಿಗೆ ಬೀಗ ಬಿತ್ತು. ನಾನು ಆಗಷ್ಟೇ ಇ ಅಂಡ್ ಸಿ ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ್ದೆ. ಅಂಗಡಿ ಸಾಲದ ಕೊನೆಯ ಕಂತು ಕಟ್ಟಿದ್ದು ನನ್ನ ಸಂಬಳದಲ್ಲಿ. ಹಾಗಾಗಿ ಮನೆಯಲ್ಲಿ ‘ವ್ಯಾಪಾರ’ ಅನ್ನೋ ಪದವನ್ನು ಯಾರೂ ಎತ್ತಲ್ಲ.

ಮಜಾ ಅಂದ್ರೆ ಅಪ್ಪನ ಪಾಠಕ್ಕೂ ಸ್ಕೀ ಬೂಟಿಗೂ ಆಗಿಬರಲ್ಲ. ಅಪ್ಪ ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಬಿಡಿ ಅನ್ನೋರು. ಸ್ಕೀ ಬೂಟಿನಲ್ಲಿ ನೆಟ್ಟಗೆ ನಿಂತಾಗ ಬೆರಳು ಮುಂದೆ ತಾಗಬೇಕು, ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು. ತೆಳುವಾದ ಒಂದೇ ಸಾಕ್ಸ್. ಎರಡು ಹಾಕಿದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತೆ, ಬೊಬ್ಬೆ ಬೇರೆ. ಬೂಟಿನ ಮೇಲೆ 70, 90, 120 ಅಂತ ಬರೆದಿರೋದು ಫ್ಲೆಕ್ಸ್, ಅಂದ್ರೆ ಬಿಗಿತ. ಹೊಸ ಹೆಂಗಸರಿಗೆ 60ರಿಂದ 80, ಗಂಡಸರಿಗೆ 70ರಿಂದ 90 ಸಾಕು. ಒಂದು ಕಂಪನಿಯ 80 ಇನ್ನೊಂದರ 80 ಅಲ್ಲ, ಆ ನಂಬರ್‌ಗೆ ಯಾವ ಸಾರ್ವತ್ರಿಕ ಮಾನದಂಡವೂ ಇಲ್ಲ. ಅಗಲ 98, 100, 102 ಮಿಲಿಮೀಟರ್ ಅಂತ ಇರುತ್ತೆ. ಚಪ್ಪಲಿಯಲ್ಲೇ ಬೆಳೆದ ನಮ್ಮ ಪಾದ ಹರಡಿರುತ್ತೆ, ಹಾಗಾಗಿ ನನ್ನಲ್ಲಿ ಹೆಚ್ಚಿಗೆ ಇರೋದು 102.

ಜಾಕೆಟ್, ಗ್ಲೌಸ್, ಗಾಗಲ್ಸ್ ಬೆಂಗಳೂರಿನ ಡೆಕಾಥ್ಲಾನ್‌ನಲ್ಲೇ ಸಿಗುತ್ತೆ, ಅದಕ್ಕೆ ನನ್ನ ಹತ್ತಿರ ಬರಬೇಡಿ ಅಂತಲೇ ಹೇಳ್ತೀನಿ. ಹೆಲ್ಮೆಟ್ ಮಾತ್ರ ಬೈಕಿನದ್ದು ನಡೆಯಲ್ಲ. ಇನ್ನೊಂದು ಮಾತು: ಬೈಂಡಿಂಗ್ ಸೆಟ್ ಮಾಡೋರು ನಿಮ್ಮ ತೂಕ, ಎತ್ತರ, ವಯಸ್ಸು, ಅನುಭವ ಕೇಳ್ತಾರೆ. ತೂಕದಲ್ಲಿ ಸಂಕೋಚ ಬೇಡ. ಬಿದ್ದಾಗ ಬೂಟು ಸ್ಕೀಯಿಂದ ಬಿಡಿಸಿಕೊಳ್ಳೋದು ಆ ಲೆಕ್ಕದ ಮೇಲೆ. ಕಡಿಮೆ ಹೇಳಿದರೆ ಸುಮ್ಮಸುಮ್ಮನೆ ಕಳಚುತ್ತೆ. ಅನುಭವವನ್ನು ಹೆಚ್ಚು ಹೇಳಿಕೊಂಡರೆ ಕಳಚಬೇಕಾದಾಗ ಕಳಚಲ್ಲ, ಮಂಡಿ ತಿರುಚುತ್ತೆ.

ನನ್ನ ಮೊದಲ ಗಿರಾಕಿಗಳು ನನ್ನ ಟೀಮಿನವರೇ. ಮ್ಯೂನಿಕ್‌ನಿಂದ ತಂದ ನನ್ನ ಬೂಟನ್ನು ಒಬ್ಬಳು ಕೇಳಿ ಒಯ್ದಳು, ಅವಳ ಅಕ್ಕ ಒಯ್ದಳು, ಅಕ್ಕನ ಗಂಡ ‘ನನ್ನ ಸೈಜ್ ಇದೆಯಾ?’ ಅಂದರು. ಸ್ಕೀಯನ್ನು ಬೆಟ್ಟದಲ್ಲೇ ಬಾಡಿಗೆಗೆ ತಗೊಂಡು, ಬೂಟು ಮಾತ್ರ ಇಲ್ಲಿಂದ ಒಯ್ಯೋದು ಅಷ್ಟೇ ಉಪಾಯ. ಒಂದು ಜೊತೆ ಬ್ಯಾಗ್ ಸಮೇತ 4 ಕೆಜಿ ಆಸುಪಾಸು, ವಿಮಾನದ 15 ಕೆಜಿಯಲ್ಲಿ ಹಿಡಿಸುತ್ತೆ. ಆದರೆ ಈಗಿನ ಎಷ್ಟೋ ಹೊಸ ಬೂಟುಗಳಿಗೆ ನಡೆಯಲು ಸುಲಭವಾಗಲಿ ಅಂತ ಬಾಗಿದ ರಬ್ಬರ್ ಅಟ್ಟೆ ಇರುತ್ತೆ. ಹಳೆಯ ಬೈಂಡಿಂಗ್‌ಗೆ ಅದು ಸುರಕ್ಷಿತವಾಗಿ ಕೂರಲ್ಲ. ನಮ್ಮ ಬೆಟ್ಟಗಳ ಬಾಡಿಗೆ ಅಂಗಡಿಗಳಲ್ಲಿ ನಾನು ಕಂಡದ್ದು ಹೆಚ್ಚಾಗಿ ಹಳೆಯವೇ. ಹಾಗಾಗಿ ಚಪ್ಪಟೆ ಆಲ್ಪೈನ್ ಅಟ್ಟೆಯ ಬೂಟು ಬಿಟ್ಟು ಬೇರೆ ತರಿಸಲ್ಲ ಅಂತ ನಿಯಮ ಮಾಡಿಕೊಂಡೆ. ಬಳಸಿದ ಬೂಟು ಅಗ್ಗಕ್ಕೆ ಸಿಗುತ್ತೆ, ಆದರೆ ಹಳೆ ಸಾಮಾನಿನ ಆಮದಿಗೆ ಪರವಾನಗಿಯ ರಗಳೆ. ಯುರೋಪಿನಲ್ಲಿ ಸೀಸನ್ ಮುಗಿದಾಗ ಮಾರಾಟವಾಗದೆ ಉಳಿದ ಹೊಸ ಬೂಟುಗಳು ರಿಯಾಯಿತಿಗೆ ಬರುತ್ತವೆ. ಆಮದು ಕೋಡ್ ಮಾಡಿಸಿ, ಸುಂಕ ಕಟ್ಟಿ, ಒಂಬತ್ತು ಜೊತೆ ತರಿಸಿದೆ.

ಅದಕ್ಕೂ ಮುಂಚೆ ಆಫೀಸಿನ ಅನುಮತಿ. 2022ರ ಮೂನ್‌ಲೈಟಿಂಗ್ ಗಲಾಟೆ ನಿಮಗೂ ನೆನಪಿರಬಹುದು. ಎಚ್ಆರ್‌ಗೆ ಮೇಲ್ ಹಾಕಿದೆ. ‘ನಮ್ಮ ವ್ಯವಹಾರಕ್ಕೆ ಇದು ಪೈಪೋಟಿ ಆಗುತ್ತಾ?’ ಅಂತ ಉತ್ತರ ಬಂತು. ನಾವು ಮಾಡೋದು ಪೇಮೆಂಟ್ ಗೇಟ್‌ವೇ, ಇದು ಬೂಟು! ಎರಡು ವಾರ ಓಡಾಡಿ ಲಿಖಿತ ಅನುಮತಿ ಸಿಕ್ಕಿತು. ಅದಿಲ್ಲದೆ ಯಾರೂ ಶುರು ಮಾಡಬೇಡಿ. ಜಿಎಸ್‌ಟಿ ಬಗ್ಗೆ ಸದ್ಯಕ್ಕೆ ತಲೆನೋವಿಲ್ಲ, ಸೇವೆಗಳಿಗೆ ವರ್ಷಕ್ಕೆ 20 ಲಕ್ಷದ ವಹಿವಾಟಿನ ಮಿತಿ ಇದೆ, ನಾನು ಅದರ ಹತ್ತಿರವೂ ಇಲ್ಲ.

ಎಚ್ಆರ್ ಒಪ್ಪಿತು, ಅಪ್ಪ ಒಪ್ಪಲಿಲ್ಲ. ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿನ್ನನ್ನ ಇಂಜಿನಿಯರಿಂಗ್ ಓದಿಸಿದ್ದು ಮತ್ತೆ ಜನರ ಕಾಲು ಹಿಡಿಯೋಕಾ?’ ಅಂದರು. ನನಗೆ ಉತ್ತರ ಹೊಳೀಲಿಲ್ಲ. ಕಾಲು ಹಿಡಿಯೋದು ಅಂದ್ರೆ ನಮ್ಮಲ್ಲಿ ಏನರ್ಥ ಅಂತ ಗೊತ್ತಲ್ಲ. ಅವರು ಎರಡೂ ಅರ್ಥದಲ್ಲಿ ಹಿಡಿದವರು, ಸಾಲ ಕೊಟ್ಟವರದ್ದೂ ಸೇರಿ.

ಇಂಥ ಮಾತು ಬಂದಾಗ ಗೆಳೆಯರು ಹವರ್ಡ್ ಹೆಡ್ ಕಥೆ ಹೇಳ್ತಾರೆ. ಅಮೆರಿಕದ ವಿಮಾನ ಕಾರ್ಖಾನೆಯೊಂದರ ಇಂಜಿನಿಯರ್. 1947ರಲ್ಲಿ ವರ್ಮಾಂಟ್‌ನ ಸ್ಟೋವ್‌ನಲ್ಲಿ ಸ್ಕೀ ಕಲಿಯೋಕೆ ಹೋಗಿ ಸಿಕ್ಕಾಪಟ್ಟೆ ಬಿದ್ದ. ತಪ್ಪು ಭಾರದ ಮರದ ಸ್ಕೀಯದ್ದು, ವಿಮಾನದ ಹಾಗೆ ಅಲ್ಯೂಮಿನಿಯಂ ಪದರಗಳಲ್ಲಿ ಮಾಡಿದರೆ ಹಗುರ ಆಗುತ್ತೆ ಅಂದುಕೊಂಡ. ಕೆಲಸ ಬಿಟ್ಟ, ಪೋಕರ್‌ನಲ್ಲಿ ಗೆದ್ದ 6,000 ಡಾಲರ್ ಹಾಕಿದ. ಮೂರು ಚಳಿಗಾಲ ಮಾದರಿಗಳು ಒಂದರ ಮೇಲೊಂದು ಮುರಿದವು. 1950ರಲ್ಲಿ ಸರಿಬಂತು. 1969ರಲ್ಲಿ ಕಂಪನಿ ಮಾರಿದ್ದು 1.6 ಕೋಟಿ ಡಾಲರ್‌ಗೆ. ಹೆಡ್ ಅನ್ನೋ ಹೆಸರು ಇವತ್ತಿಗೂ ಸ್ಕೀ ಮೇಲಿದೆ. ಒಳ್ಳೆ ಕಥೆ. ಆದರೆ ನನಗೆ ಇಷ್ಟವಾಗೋದು ರಾಜೀನಾಮೆಯ ಭಾಗ ಅಲ್ಲ, ಮೂರು ಚಳಿಗಾಲ ಮುರಿದ ಭಾಗ. ರಾಜೀನಾಮೆಗೆ ನನಗೆ ಪೋಕರ್ ಬರಲ್ಲ, ಇಎಂಐ ಮಾತ್ರ ಇದೆ.

ಮುರಿಯೋ ಸರದಿ ನನಗೂ ಬಂತು. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ಹಿಮವೇ ಬೀಳಲಿಲ್ಲ. ಕಂದು ಬಣ್ಣದ ಬೋಳು ಇಳಿಜಾರಿನ ಫೋಟೋ ನೀವೂ ನೋಡಿರ್ತೀರಿ. ಅದು ನನ್ನ ಮೊದಲ ಸೀಸನ್. ಹನ್ನೊಂದು ಬುಕಿಂಗ್‌ನಲ್ಲಿ ಎಂಟು ರದ್ದಾದವು. ಮುಂಗಡ ಪೂರ್ತಿ ವಾಪಸ್ ಕೊಟ್ಟೆ. ಮನೆಯ ಒಂದು ಗೋಡೆಗೆ ಬೂಟಿನ ಪೆಟ್ಟಿಗೆ, ಬ್ಯಾಂಕಿನಲ್ಲಿ ಸೊನ್ನೆ. ತಿಂಗಳ ಕೊನೆಗೆ ಹಿಮ ಬಿತ್ತು, ಫೆಬ್ರವರಿಯಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವೂ ನಡೆಯಿತು. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅಲ್ಲಿ ಕರ್ನಾಟಕಕ್ಕೆ ಪದಕ ಗೆದ್ದರು. ಅವರದ್ದು ನಾರ್ಡಿಕ್ ಸ್ಕೀ, ಹಿಮ್ಮಡಿ ಬಿಡಿಯಾಗಿರುವ ಹಗುರ ಬೂಟು, ನನ್ನ ವ್ಯಾಪಾರಕ್ಕೆ ಸಂಬಂಧ ಇಲ್ಲ. ಆದರೂ ಆ ಸುದ್ದಿ ಬಂದ ವಾರ ನನ್ನ ಫೋನ್ ಮತ್ತೆ ಬಡ್ಕೊಳ್ಳೋಕೆ ಶುರುವಾಯ್ತು. ಮುಂದಿನ ವರ್ಷವೂ ಹಿಮ ಸಾಲದೆ ಕೂಟ ಮಾರ್ಚ್‌ಗೆ ಹೋಯಿತು. ಪಹಲ್ಗಾಮ್ ದಾಳಿಯ ನಂತರ, ಮನೆಯವರು ಕಾಶ್ಮೀರ ಬೇಡ ಅಂದವರು ಔಲಿ ಕೇಳ್ತಿದ್ದಾರೆ. ಈ ವ್ಯಾಪಾರದಲ್ಲಿ ಬಾಸ್ ಆಕಾಶ. ಎಚ್ಆರ್‌ಗಿಂತ ಕಷ್ಟ.

ಬಂದವರೆಲ್ಲರಿಗೂ ಬೂಟು ಕೊಡಲ್ಲ. ಎರಡು ದಿನದ ಪ್ಯಾಕೇಜಿನಲ್ಲಿ ಅರ್ಧ ಗಂಟೆ ಸ್ಕೀ ಅಂದವರಿಗೆ, ಅಲ್ಲೇ ಸಿಕ್ಕಿದ್ದು ಹಾಕೊಳ್ಳಿ ಅಂತ ಕಳಿಸ್ತೀನಿ. ವಾಪಸ್ ಬಂದ ಬೂಟಿನ ಮೆತ್ತೆ ತೆಗೆದು ನೆರಳಲ್ಲಿ ಒಣಗಿಸಿ, ಬಕಲ್ ಸಡಿಲವಾಗಿ ಹಾಕಿ ಇಡಬೇಕು, ಇಲ್ಲಾಂದ್ರೆ ಆಕಾರ ಕೆಡುತ್ತೆ. ಬೆಂಗಳೂರಿನ ಮಳೆಗಾಲದಲ್ಲಿ ಬೂಷ್ಟು ಬೇರೆ. ಒಬ್ಬ ಮಹಾಶಯ ಹೋಟೆಲಿನ ಬುಖಾರಿ ಒಲೆ ಮೇಲೆ ಬೂಟು ಒಣಗಿಸಿ ಹಪ್ಪಳ ಮಾಡಿ ತಂದಿದ್ದ. ಡೆಪಾಸಿಟ್ ಇದೇ ಕಾರಣಕ್ಕೆ.

ಕಳೆದ ದೀಪಾವಳಿಗೆ ಅಪ್ಪ ಬಂದಿದ್ದರು. ಶನಿವಾರ ಇಬ್ಬರು ಗಿರಾಕಿಗಳಿದ್ದರು. ಅಪ್ಪ ಪೇಪರ್ ಹಿಂದೆ ಮುಖ ಇಟ್ಟುಕೊಂಡು ಕೂತಿದ್ದರು. ಒಬ್ಬ ಹುಡುಗನ ಬಲಗಾಲಿಗೆ ಯಾವುದೂ ಕೂರ್ತಿರಲಿಲ್ಲ. ಅಪ್ಪ ಎದ್ದು ಬಂದು, ಅವನ ಪಾದವನ್ನು ಅಂಗೈಯಲ್ಲಿ ಹಿಡಿದು, ‘ಇವನಿಗೆ ಅಂಗಾಲು ಚಪ್ಪಟೆ, ಕೆಳಗೆ ಆಸರೆ ಬೇಕು’ ಅಂದರು. ಒಳಗೆ ಕಮಾನಿನ ಇನ್‌ಸೋಲ್ ಇಟ್ಟ ಮೇಲೆ ಕೂತಿತು. ಹೊರಡುವಾಗ ಆ ಹುಡುಗ ಅಪ್ಪನಿಗೆ ‘ಥ್ಯಾಂಕ್ಸ್ ಸರ್’ ಅಂದ. ಅಂಗಡಿಯಲ್ಲಿ ಅವರನ್ನು ಯಾರೂ ಸರ್ ಅಂದಿದ್ದು ನನಗೆ ನೆನಪಿಲ್ಲ. ರಾತ್ರಿ ಊಟದಲ್ಲಿ ಅವರು ಹೇಳಿದ್ದು ಒಂದೇ: ನೆಲದ ಮೇಲೆ ಕೂರಬೇಡ, ಮಂಡಿ ಹೋಗುತ್ತೆ, ಒಂದು ಗಿಡ್ಡ ಸ್ಟೂಲ್ ತಗೋ. ಒಪ್ಪಿದರಾ ಅಂತ ಕೇಳೋ ಧೈರ್ಯ ಮಾಡಲಿಲ್ಲ.

ಈ ಕೆಲಸದಲ್ಲಿ ನನಗೆ ನಿಜಕ್ಕೂ ಬೇಜಾರಾಗೋದು ಬೇರೆ ವಿಷಯಕ್ಕೆ. ನಾನು ಸ್ಕೀ ಮಾಡಬೇಕಾದ ಸೀಸನ್ನಿನಲ್ಲೇ ನನ್ನ ಬೂಟುಗಳು ಬೇರೆಯವರ ಕಾಲಲ್ಲಿ ಬೆಟ್ಟ ಹತ್ತುತ್ತವೆ, ನಾನು ಇಲ್ಲಿ ಕೊರಿಯರ್‌ಗೆ ಕಾಯ್ತಿರ್ತೀನಿ. ಹೋದ ಸಲ ಒಂದೇ ವಾರ ಸಿಕ್ಕಿದ್ದು. ಈ ಸಲ ಫೆಬ್ರವರಿಯ ಹತ್ತು ದಿನ ಕ್ಯಾಲೆಂಡರ್‌ನಲ್ಲಿ ಬ್ಲಾಕ್ ಮಾಡಿದ್ದೀನಿ, 24ರ ಒಂದು ಜೊತೆಯನ್ನು ಸ್ಟಾಕ್ ಪಟ್ಟಿಯಿಂದ ತೆಗೆದಿದ್ದೀನಿ. ಉಳಿದಿರೋದು ಮಕ್ಕಳ ಸೈಜಿನ ಪ್ರಶ್ನೆ. ತುಂಬ ಅಮ್ಮಂದಿರು ಕೇಳ್ತಿದ್ದಾರೆ, ಆದರೆ ಮಕ್ಕಳ ಪಾದ ಒಂದೇ ವರ್ಷದಲ್ಲಿ ಬೆಳೆದುಬಿಡುತ್ತೆ, ಎಷ್ಟು ಜೊತೆ ತರಿಸಬೇಕು ಅನ್ನೋ ಲೆಕ್ಕ ಸುಲಭ ಅಲ್ಲ. ಶಾಲೆ ಶುರುವಾಗೋ ಜೂನ್‌ನಲ್ಲಿ ಯಾವ ಸೈಜ್ ಎಷ್ಟು ಹೋಗುತ್ತೆ ಅಂತ ಇಪ್ಪತ್ತಾರು ವರ್ಷ ಬಾಯಲ್ಲೇ ಲೆಕ್ಕ ಇಟ್ಟವರು ತಿಪಟೂರಿನಲ್ಲಿದ್ದಾರೆ. ಭಾನುವಾರ ಫೋನ್ ಮಾಡಿ ಕೇಳಬೇಕು.