ಈ ಸಲ ರೈಡಿಗೆ ಯಾರು?

ನಮ್ಮ ಮನೆಯ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಏನಿದೆ ಎಂದು ಹೇಳಿದರೆ ನೀವು ನಗಬಹುದು. ಹೋದ ವರ್ಷ ನನ್ನ ಮಗಳ ಕಾಲೇಜಿನ ಹುಡುಗಿಯರು ಆಡಿದ ಕಬಡ್ಡಿ ಪಂದ್ಯಗಳಲ್ಲಿ ಯಾರು ಎಷ್ಟು ಪಾಯಿಂಟ್ ತಂದರು, ಯಾರು ಬರಿಗೈಯಲ್ಲಿ ಬಂದರು ಎಂಬುದನ್ನೆಲ್ಲ ಅಲ್ಲಿ ಗೀಟು ಎಳೆದು ಬರೆದಿಟ್ಟಿದ್ದೇನೆ. “ಹಾಲಿನವ ಇದನ್ನ ನೋಡಿದರ ನಮ್ಮ ಮನೀನ ಔಟ್ ಅಂತಾನ” ಎಂದು ನಮ್ಮ ಯಜಮಾನರು ಚೇಷ್ಟೆ ಮಾಡುತ್ತಾರೆ. ಮಾಡಲಿ. ಕಾಲೇಜು ತೆರೆದು ಹೊಸ ಪಂದ್ಯಗಳ ದಿನ ಹತ್ತಿರ ಬಂದಿರುವ ಈ ಹೊತ್ತಿನಲ್ಲಿ ಆ ಗೀಟುಗಳೇ ನನಗೆ ಪಂಚಾಂಗ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಕುಷ್ಟಗಿಯ ಶಾಲೆಯಲ್ಲಿ ಖೋ ಖೋ ಆಡಿದ್ದು ಬಿಟ್ಟರೆ ಆಟದ ಮಾತೇ ಗೊತ್ತಿರಲಿಲ್ಲ. 2014ರಲ್ಲಿ ಟಿ.ವಿ.ಯಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ, ರೊಟ್ಟಿ ಬಡಿಯುತ್ತ ಬಡಿಯುತ್ತ ನೋಡಿಯೇ ಕಲಿತೆ. ಧಾರಾವಾಹಿ ನೋಡುವ ಗೆಳತಿಯರಿಗಾಗಿ ನಾಲ್ಕು ಮಾತು ಹೇಳಿಬಿಡುತ್ತೇನೆ. ಅಂಗಳದಲ್ಲಿ ಒಂದು ಕಡೆಗೆ ಏಳು ಜನ. ಒಬ್ಬಳು ಕಬಡ್ಡಿ ಕಬಡ್ಡಿ ಎನ್ನುತ್ತ ಎದುರಾಳಿಗಳ ಮನೆಗೆ ದಾಳಿಗೆ ಹೋಗಬೇಕು, ಅದೇ ರೈಡ್. ಮೂವತ್ತು ಸೆಕೆಂಡಿನೊಳಗೆ ಯಾರನ್ನಾದರೂ ಮುಟ್ಟಿ ತಿರುಗಿ ಬಂದರೆ ಪಾಯಿಂಟ್. ಸಿಕ್ಕಿಬಿದ್ದರೆ ಹೊರಗೆ ಕೂಡಬೇಕು. ಹಾಗೆ ಕೂತವಳು ಒಳಗೆ ಬರುವುದು ತನ್ನ ಕಡೆಯವರು ಎದುರಿನ ಯಾರನ್ನಾದರೂ ಔಟ್ ಮಾಡಿದಾಗ ಮಾತ್ರ.

ಈ ಕೊನೆಯ ಮಾತು ಬಹಳ ಮುಖ್ಯ ಕಣ್ರೀ. ಎಷ್ಟೇ ಚೆನ್ನಾಗಿ ರೈಡ್ ಮಾಡುವವಳಿರಲಿ, ಅವಳೊಬ್ಬಳನ್ನೇ ನಂಬಿಕೊಂಡರೆ ಅವಳು ಹೊರಗೆ ಕೂತ ಗಳಿಗೆಯಲ್ಲಿ ಇಡೀ ತಂಡ ಕೈಕಟ್ಟಿ ನಿಂತ ಹಾಗೆ.

ನನ್ನ ಲೆಕ್ಕದಲ್ಲಿ ಹೋದ ವರ್ಷದ ಗೀಟುಗಳಲ್ಲಿ ಅರ್ಧಕ್ಕೂ ಹೆಚ್ಚು ಒಬ್ಬಳೇ ಹುಡುಗಿಯ ಹೆಸರಿನ ಮುಂದಿವೆ. ಅವಳ ಹೆಸರು ಇಲ್ಲಿ ಬೇಡ, ಉದ್ದ ಜಡೆಯ ಹುಡುಗಿ ಎನ್ನೋಣ. ಜಡೆಯನ್ನು ತುರುಬು ಕಟ್ಟಿ ಇಳಿದರೆ ಎದುರಿನ ಮೂಲೆಯವಳಿಗೆ ಕಾಲು ಚಾಚಿ ಮುಟ್ಟಿ, ಅವಳು ಬಗ್ಗುವಷ್ಟರಲ್ಲಿ ನಡುಗೆರೆ ದಾಟಿರುತ್ತಿದ್ದಳು. ಕೊಪ್ಪಳದಲ್ಲಿ ಆಡಿದಾಗ ಆ ಊರಿನ ಹುಡುಗಿಯರೇ ಚಪ್ಪಾಳೆ ತಟ್ಟಿದರು. ಈ ವೈಶಾಖದಲ್ಲಿ ಅವಳ ಮದುವೆಯಾಯಿತು. ಗಂಗಾವತಿ ತಾಲ್ಲೂಕಿನ ಹಳ್ಳಿ, ನೀರಾವರಿ ಜಮೀನು, ಒಳ್ಳೆಯ ಮನೆತನ. ನಾವೂ ಹೋಗಿ ಉಂಡು, ಆಯೇರಿ ಮಾಡಿ ಬಂದೆವು. ಅವಳ ಡಿಗ್ರಿ ಇನ್ನೂ ಒಂದು ವರ್ಷ ಬಾಕಿ ಇದೆ.

ಹೆಣ್ಣುಮಕ್ಕಳ ತಂಡದ ಬಲಾಬಲ ನೋಡುವುದೆಂದರೆ ಹೀಗೇ. ಗಂಡುಹುಡುಗರ ತಂಡಕ್ಕಾದರೆ ಯಾರ ಮೊಣಕಾಲು ನೋಯುತ್ತದೆ ಎಂದು ಕೇಳಿದರೆ ಸಾಕು. ನಮ್ಮ ಹುಡುಗಿಯರದ್ದಕ್ಕೆ ಯಾರ ಮನೆಗೆ ಯಾವಾಗ ವರನ ಕಡೆಯವರು ಬಂದರು ಎಂದೂ ಕೇಳಬೇಕು.

ಹಾಗಂತ ತಂಡ ಮುಳುಗಿತು ಎಂದು ಅಳುವವಳಲ್ಲ ನಾನು. ಪವನ್ ಸೆಹ್ರಾವತ್ ನಿಮಗೆ ನೆನಪಿರಬಹುದು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಗುಜರಾತನ್ನು 38–33ರಿಂದ ಸೋಲಿಸಿ ಪ್ರೊ ಕಬಡ್ಡಿ ಗೆದ್ದಾಗ, ರೈಡಿನಲ್ಲೇ 22 ಪಾಯಿಂಟ್ ತಂದವನು. 2022ರಲ್ಲಿ ತಮಿಳ್ ತಲೈವಾಸ್‌ನವರು ಅವನಿಗೆ ಎರಡು ಕೋಟಿಗೂ ಮೇಲೆ ಕೊಟ್ಟು ಕರಕೊಂಡು ಹೋದರು. ಮೊದಲನೇ ಪಂದ್ಯದಲ್ಲೇ ಮೊಣಕಾಲು ಪೆಟ್ಟಾಗಿ ಆ ವರ್ಷ ಪೂರ್ತಿ ಕೂತುಬಿಟ್ಟ. ಎಲ್ಲರೂ ಆ ತಂಡದ ಕಥೆ ಮುಗಿಯಿತು ಎಂದರು. ಆಗ ನರೇಂದರ್ ಎಂಬ ಹೊಸ ಹುಡುಗ ಎದ್ದು ನಿಂತು, ಮೊದಲ ವರ್ಷವೇ 243 ರೈಡ್ ಪಾಯಿಂಟ್ ತಂದ. ಅವರು ಮೊದಲ ಸಲ ಸೆಮಿಫೈನಲ್ ಮುಟ್ಟಿದ್ದು ಅದೇ ವರ್ಷ.

ನಮ್ಮಲ್ಲಿ ಅಂಥ ನರೇಂದರ್ ಯಾರು? ಸಂಜೆ ಕಾಲೇಜಿನ ಮೈದಾನಕ್ಕೆ ಹೋಗಿ ಕಟ್ಟೆಯ ಮೇಲೆ ಕೂತು ನಾನೂ ನೋಡಿ ಬಂದಿದ್ದೇನೆ.

ಮೊದಲು ನನ್ನ ಮಗಳು. ತಾಯಿ ಎಂದು ಹೊಗಳುವುದಿಲ್ಲ. ಕೈ ಚುರುಕು, ಉಸಿರು ಗಟ್ಟಿ, ಮೂವತ್ತು ಸೆಕೆಂಡೂ ನಿಲ್ಲುತ್ತಾಳೆ. ಆದರೆ ಸಂತೆಯಲ್ಲಿ ನೂರು ಕಡೆ ಬೆಲೆ ಕೇಳಿ ಏನೂ ಕೊಳ್ಳದೆ ಬರುವವರ ಹಾಗೆ ಎಷ್ಟೋ ಸಲ ಸುತ್ತಾಡಿ ಬರಿಗೈಯಲ್ಲಿ ಬರುತ್ತಾಳೆ. ಎರಡನೆಯವಳು ಯಲಬುರ್ಗಾ ಕಡೆಯವಳು, ಎತ್ತರದ ಆಳು. ಕಾಲು ಬೀಸಿದರೆ ದೂರದವರೆಗೂ ಹೋಗುತ್ತದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ ಆಯಿತಲ್ಲ, ಅದಿಲ್ಲದಿದ್ದರೆ ಅವಳು ದಿನಾ ಬಂದು ಹೋಗುವುದೇ ಆಗುತ್ತಿರಲಿಲ್ಲ. ಆದರೂ ಸಂಜೆಯ ಬಸ್ಸಿಗಾಗಿ ಅರ್ಧ ಆಟ ಬಿಟ್ಟು ಓಡುತ್ತಾಳೆ. ಮನಸ್ಸೆಲ್ಲ ಗಡಿಯಾರದ ಮೇಲೆ.

ಮೂರನೆಯವಳು ಈ ವರ್ಷ ಸೇರಿದ ಗಿಡ್ಡ ಹುಡುಗಿ. ಹಿಡಿಯಲು ಬಂದವರ ಕೈಕೆಳಗೆ ಬಗ್ಗಿ ನುಸುಳುವುದು, ಡುಬ್ಕಿ ಅಂತಾರಲ್ಲ, ಅದು ಅವಳಿಗೆ ಹುಟ್ಟಿನಿಂದಲೇ ಬಂದಂತಿದೆ. ಮಣ್ಣಿನ ಅಂಗಳದಲ್ಲಿ ಮಾತ್ರ ಆಡಿದವಳು. ದೊಡ್ಡ ಪಂದ್ಯಗಳಿಗೆ ಮ್ಯಾಟ್ ಹಾಸಿರುತ್ತಾರೆ, ಅದಕ್ಕೆ ಬೇರೆ ಬೂಟು ಬೇಕು. ಅವಳ ಹತ್ತಿರ ಇಲ್ಲ. ಆ ಬೂಟಿನ ವ್ಯವಸ್ಥೆ ನಮ್ಮ ಓಣಿಯ ಹೆಣ್ಣುಮಕ್ಕಳು ಸೇರಿ ಮಾಡುತ್ತಿದ್ದೇವೆ.

ಮೂವರೂ ಸೇರಿದರೆ ಪಾಯಿಂಟ್ ಬರುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಕೊರತೆ ಇರುವುದು ಬೋನಸ್‌ನಲ್ಲಿ. ನಡುಗೆರೆಯಿಂದ ನಾಲ್ಕು ಮೀಟರ್ ಒಳಗೆ ಒಂದು ಗೆರೆ ಇರುತ್ತದೆ. ಎದುರಿಗೆ ಆರು ಇಲ್ಲವೇ ಏಳು ಜನ ಇದ್ದಾಗ, ಒಂದು ಕಾಲು ಆ ಗೆರೆಯಾಚೆ ಊರಿ, ಇನ್ನೊಂದು ಕಾಲು ಗಾಳಿಯಲ್ಲಿಟ್ಟು ತಿರುಗಿ ಬಂದರೆ ಯಾರನ್ನೂ ಮುಟ್ಟದೆ ಒಂದು ಪಾಯಿಂಟ್. ಅದರಿಂದ ಹೊರಗೆ ಕೂತವರು ಒಳಗೆ ಬರುವುದಿಲ್ಲ ನಿಜ. ಆದರೆ ಸಾಸಿವೆ ಡಬ್ಬಿಯಲ್ಲಿ ಹಾಕಿಟ್ಟ ಚಿಲ್ಲರೆಯ ಹಾಗೆ, ಕೊನೆಗೆ ಅದೇ ಕೈ ಹಿಡಿಯುತ್ತದೆ. ಉದ್ದ ಜಡೆಯವಳು ಪಂದ್ಯದ ಮೊದಲ ಐದು ನಿಮಿಷದಲ್ಲೇ, ಎದುರಿನವರು ಪೂರ್ತಿ ಇದ್ದಾಗಲೇ ಎರಡು ಮೂರು ಬೋನಸ್ ಎತ್ತಿಟ್ಟುಕೊಳ್ಳುತ್ತಿದ್ದಳು. ಉಳಿದ ಮೂವರಲ್ಲಿ ಯಾರಿಗೂ ಆ ಗೆರೆಯ ಧೈರ್ಯವಿಲ್ಲ.

ಒಂದು ಪಾಯಿಂಟಿನಿಂದ ಏನಾಗುತ್ತದೆ ಎನ್ನಬೇಡಿ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳು ಇರಾನಿಗೆ 24–27ರಿಂದ ಸೋತರು. 2010 ಮತ್ತು 2014ರಲ್ಲಿ ನಮ್ಮದೇ ಆಗಿದ್ದ ಚಿನ್ನ ಕೈತಪ್ಪಿತು. (ಆ ಇರಾನಿನ ಹುಡುಗಿಯರಿಗೆ ಕಲಿಸಿದವರು ನಾಸಿಕದ ಶೈಲಜಾ ಜೈನ್. ತಲೆ ಮುಚ್ಚಿ, ತುಂಬುತೋಳಿನ ಅಂಗಿ ತೊಟ್ಟೇ ಅವರು ಗೆದ್ದರು. ಚಡ್ಡಿ ಹಾಕ್ಕೊಂಡು ಆಡ್ತಾರ ಎಂದು ಮೂಗು ಮುರಿಯುವವರಿಗೆ ನಾನು ಇದನ್ನೇ ಹೇಳುತ್ತೇನೆ, ಬಟ್ಟೆ ಯಾವುದಾದರೂ ಇರಲಿ, ಆಡಲಿಕ್ಕೆ ಬಿಡ್ರಿ.) ಮುಂದೆ 2023ರ ಅಕ್ಟೋಬರಿನಲ್ಲಿ ಹಾಂಗ್‌ಝೌನಲ್ಲಿ ಚಿನ್ನ ತಿರುಗಿ ಬಂತಲ್ಲ, ಅದು ಚೈನೀಸ್ ತೈಪೆ ಎದುರು 26–25. ಒಂದೇ ಪಾಯಿಂಟು! ನಮ್ಮ ಹುಡುಗಿಯರೂ ಹೋದ ವರ್ಷ ಗಂಗಾವತಿಯಲ್ಲಿ ಸೋತದ್ದು ಎರಡೇ ಪಾಯಿಂಟಿನಿಂದ.

ಪಂಚಮಿಗೆ ಉದ್ದ ಜಡೆಯ ಹುಡುಗಿ ತವರಿಗೆ ಬಂದಿದ್ದಳು. ಅಣ್ಣ ಹೋಗಿ ಕರಕೊಂಡು ಬಂದಿದ್ದ. ಜೋಕಾಲಿ ಆಡುವುದು ಬಿಟ್ಟು, ಸೀರೆಯುಟ್ಟೇ ಮೈದಾನಕ್ಕೆ ಬಂದು ನನ್ನ ಪಕ್ಕ ಕಟ್ಟೆಯ ಮೇಲೆ ಕೂತಳು. ಡಬ್ಬಿಯಲ್ಲಿ ಶೇಂಗಾ ಉಂಡಿ ಒಯ್ದಿದ್ದೆ. (ಎರಡು ಬಟ್ಟಲು ಹುರಿದ ಶೇಂಗಾಕ್ಕೆ ಒಂದು ಬಟ್ಟಲು ಬೆಲ್ಲ, ಎರಡು ಏಲಕ್ಕಿ. ಪಾಕ ಬೇಡ, ಕುಟ್ಟಿ ಕಟ್ಟಿದರೆ ಸಾಕು. ಆಟದ ಮುಂಚೆ ಬೇಡ, ಮುಗಿದ ಮೇಲೆ ಕೊಡಿ.) ಉಂಡಿ ಕೈಯಲ್ಲೇ ಇತ್ತು, ಬಾಯಿಗೆ ಹೋಗಲಿಲ್ಲ. ಗಿಡ್ಡ ಹುಡುಗಿ ಬೋನಸ್ ಗೆರೆಯ ಹತ್ತಿರ ಹೋಗಿ ಹೋಗಿ ಹಿಂದೆ ಸರಿಯುವುದನ್ನು ನೋಡುತ್ತಿದ್ದವಳು, ತಡೀಲಾರದೆ ಎದ್ದಳು. ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕಿಳಿದು, ಎಡಗಾಲು ಗೆರೆಯಾಚೆ, ಬಲಗಾಲು ಮೇಲೆ, ಹೀಗೆ, ಎಂದು ತೋರಿಸಿ ಬಂದಳು. ಕಾಲುಂಗುರ ಕಲ್ಲಿಗೆ ತಾಗಿ ಬೆರಳು ಸ್ವಲ್ಪ ಕಿತ್ತಿತ್ತು. “ಏನಾಗಿಲ್ಲ ಬಿಡ್ರಿ ಕಾಕೂ” ಎಂದು ನಕ್ಕಳು. ಆಮೇಲೆ ಮೆಲ್ಲಗೆ, “ಪರೀಕ್ಷಾ ಬರೀಲಿಕ್ಕೆ ಬಿಡ್ತಾರ. ಆಟಕ್ಕ ಕೇಳಲಿಕ್ಕೆ ನನಗ ಧೈರ್ಯ ಇಲ್ಲ” ಎಂದಳು.

ಬೋನಸ್ ಗೆರೆಗೆ ಹೆದರದ ಹುಡುಗಿಗೆ ಅತ್ತೆಯ ಮುಂದೆ ಧೈರ್ಯ ಇಲ್ಲ! ನನಗೆ ಎರಡು ದಿನ ನಿದ್ದೆ ಬರಲಿಲ್ಲ. ನನ್ನ ಮಗಳಿಗೂ ಈಗಾಗಲೇ ಎರಡು ಕಡೆಯಿಂದ ಸಂಬಂಧ ಕೇಳಿದ್ದಾರೆ. ಡಿಗ್ರಿ ಮುಗಿಯುವವರೆಗೆ ಮಾತು ಬೇಡ ಎಂದು ನಾವು ತಡೆದಿದ್ದೇವೆ, ಅದು ನಮ್ಮ ಕೈಯಲ್ಲಿದೆ. ಇವಳ ವಿಷಯ ನನ್ನ ಕೈಯಲ್ಲಿಲ್ಲ. ಆದರೂ ಅವಳ ತಾಯಿಯನ್ನು ಜೊತೆಗೆ ಕರಕೊಂಡು, ಉಳಿದ ಉಂಡಿ ಕಟ್ಟಿಕೊಂಡು ಬಸ್ಸು ಹತ್ತಿದೆ. ತಾವರಗೇರಾ, ಕನಕಗಿರಿ ದಾಟುತ್ತಿದ್ದಂತೆ ನಮ್ಮ ಕಡೆಯ ಮಸಾರಿ ಹೊಲ ಹಿಂದೆ ಬಿತ್ತು. ಮುಂದೆ ಎಡದಂಡೆ ಕಾಲುವೆಯ ನೀರು, ಗದ್ದೆಗಳಲ್ಲಿ ನಾಟಿಯ ಗದ್ದಲ.

ಅತ್ತೆ ಒಳ್ಳೆಯ ಹೆಣ್ಣುಮಗಳು. ಚಹಾ ಕೊಟ್ಟರು, ಉಂಡಿ ತಿಂದು ಬೆಲ್ಲ ಎಲ್ಲಿಯದು ಎಂದು ಕೇಳಿದರು. ನಾನು ಸುತ್ತು ಬಳಸದೆ ವಿಷಯ ಹೇಳಿದೆ. ಕಾರ್ಕಳ ಕಡೆಯ ಮಮತಾ ಪೂಜಾರಿ, ಬೆಂಗಳೂರಿನ ತೇಜಸ್ವಿನಿ ಬಾಯಿ ಇದೇ ಆಟ ಆಡಿ ಅರ್ಜುನ ಪ್ರಶಸ್ತಿ ತಗೊಂಡರು ಎಂದೆ. ಅದು ಅವರಿಗೆ ನಾಟಿದ ಹಾಗೆ ಕಾಣಲಿಲ್ಲ. ಮೇರಿ ಕೋಮ್ ಅವಳಿ ಮಕ್ಕಳ ತಾಯಿಯಾದ ಮೇಲೆ 2012ರಲ್ಲಿ ಲಂಡನ್ನಿಗೆ ಹೋಗಿ ಒಲಿಂಪಿಕ್ಸ್ ಪದಕ ತಂದಳು ಎಂದಾಗ ಮಾತ್ರ, “ಆಗ ಕೂಸುಗಳನ್ನ ಯಾರು ನೋಡ್ಕೊಂಡ್ರು?” ಎಂದು ಕೇಳಿದರು. ಗಂಡನೇ ನೋಡಿಕೊಂಡ ಎಂದೆ. ಬಾಗಿಲಲ್ಲಿ ನಿಂತಿದ್ದ ಅಳಿಯಂದಿರು ಕೆಮ್ಮಿದರು.

“ಎಷ್ಟು ದಿನದ ಆಟ?” ಎಂದರು ಅತ್ತೆ.

“ಎರಡು ದಿನ. ಗೆದ್ದರ ಇನ್ನೊಂದೆರಡು ದಿನ.”

“ನಾಟಿ ಮುಗೀಲಿ ತಡೀರಿ. ಆಮ್ಯಾಲೆ ಮಾತಾಡೋಣ.”

ಅಷ್ಟೇ ಆದದ್ದು. ಇಲ್ಲ ಎನ್ನಲಿಲ್ಲ, ಹೂಂ ಎನ್ನಲಿಲ್ಲ. ಹೊರಡುವಾಗ ನಮಗೆ ಐದು ಸೇರು ಹೊಸ ಅಕ್ಕಿ ಕಟ್ಟಿಕೊಟ್ಟರು. ನಾಟಿ ಮುಗಿಯಲು ಇನ್ನೂ ಹತ್ತು ಹನ್ನೆರಡು ದಿನ ಬೇಕು. ಅಲ್ಲಿಯವರೆಗೆ ದಿನಾ ಅರ್ಧ ಗಂಟೆ ಬರೀ ಬೋನಸ್ ಕಲಿಸು ಎಂದು ಗಿಡ್ಡ ಹುಡುಗಿಯನ್ನು ನನ್ನ ಮಗಳಿಗೆ ಒಪ್ಪಿಸಿದ್ದೇನೆ. ನಿನ್ನೆ ಹತ್ತು ಸಲ ಹೋದಳಂತೆ, ಮೂರು ಸಲ ಗೆರೆ ದಾಟಿದಳಂತೆ. ಹಾಲಿನ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.